ಹಬ್ಬದ ಊಟಕ್ಕೊಂದು ಹೋಟೆಲು

ನಮ್ಮ ಯಶವಂತನಗರದಲ್ಲಿ ಹೋಟೆಲನ್ನು ಆರಿಸಿಕೊಳ್ಳಬೇಕಾದ ಪ್ರಸಂಗ ಬರುವುದೇ ಇಲ್ಲ. ಸಂಡೂರು ಸೀಮೆಯ ಗುಡ್ಡಗಳ ಮಗ್ಗುಲಲ್ಲಿರುವ ಈ ಊರಿನಲ್ಲಿ ಬೆಳಗ್ಗೆ ಎದ್ದವನು ಚಹಾ ಕುಡಿಯಬೇಕೆಂದರೆ ಯಾವ ಅಂಗಡಿಯೆಂಬುದು ಅವನ ಕಾಲಿಗೇ ಗೊತ್ತು. ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅದಿರಿನ ಲಾರಿಗಳು ಎಬ್ಬಿಸುವ ಧೂಳನ್ನು ಗಾಜಿನ ಬರಣಿಗಳ ಮೇಲಿಂದ ಒರೆಸಿ ಒರೆಸಿ ಅಂಗಡಿಯವನ ಹೆಗಲ ಟವೆಲ್ಲು ಕಾವಿಯ ಬಣ್ಣಕ್ಕೆ ತಿರುಗಿರುತ್ತದೆ. ಊಟವೆಂದರೆ ಮನೆಯಲ್ಲಿ, ಹಬ್ಬದ ಊಟವೆಂದರೆ ಖಂಡಿತವಾಗಿಯೂ ಮನೆಯಲ್ಲಿ. ಇಂಥ ಊರಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನ ಪಾಲಿಗೆ, 2024ರ ದೀಪಾವಳಿಯಲ್ಲಿ, ಬೆಂಗಳೂರಿನಂಥ ನಗರದಲ್ಲಿ ಒಂಬತ್ತು ಜನರ ಕುಟುಂಬಕ್ಕೆ ಒಂದು ಹೋಟೆಲನ್ನು ಗೊತ್ತುಮಾಡುವ ಹೊಣೆ ಬಂದು ಬಿತ್ತು. ಆ ಹೊಣೆಯನ್ನು ಹೊತ್ತಾಗ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಹಬ್ಬದ ದಿನ ಹೋಟೆಲೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ವರ್ಷದ ಚೈತ್ರದಲ್ಲಿ ನಮ್ಮ ತಂದೆಯವರು ತೀರಿಕೊಂಡಿದ್ದರು. ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ. ನಮ್ಮ ಶರಣರ ಮತದಲ್ಲಿ ಸೂತಕವಿಲ್ಲವೆಂದು ನಾನೇ ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಆದರೆ ಶಾಸ್ತ್ರಕ್ಕಿಲ್ಲದ ಸೂತಕ ಮನಸ್ಸಿಗಿರುತ್ತದೆ. ಒಲೆಯ ಮೇಲೆ ಹೋಳಿಗೆಯ ಹಂಚಿಡಲು ಅವ್ವನಿಗೆ ಕೈ ಬರಲಿಲ್ಲ. "ಹಬ್ಬ ಬ್ಯಾಡ. ಊಟ ಇರಲಿ. ಹುಡುಗರು ಸಪ್ಪಗ ಕೂಡಬಾರದು" ಎಂದಳು. ಬೆಂಗಳೂರಿನಲ್ಲಿರುವ ತಮ್ಮ, ಎಲ್ಲರೂ ತನ್ನಲ್ಲಿಗೆ ಬರಬೇಕೆಂದು ಹಟ ಹಿಡಿದ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ, ಅಮಾವಾಸ್ಯೆ ನವೆಂಬರ್ 1ರ ರಾಜ್ಯೋತ್ಸವದ ದಿನಕ್ಕೆ, ಬಲಿಪಾಡ್ಯಮಿ ಮರುದಿನಕ್ಕೆ, ಅದರ ಮೇಲೊಂದು ಭಾನುವಾರ. ನಾಲ್ಕು ದಿನ ಒಟ್ಟಿಗೆ ರಜೆ. ಅರ್ಧ ಬೆಂಗಳೂರು ತನ್ನ ತನ್ನ ಊರಿಗೆ ಹೋದರೆ ಉಳಿದರ್ಧ ಹೋಟೆಲುಗಳ ಬಾಗಿಲಲ್ಲಿ ನಿಂತಿತ್ತು.

ತೊಡಕು ಇದ್ದದ್ದು ನಮ್ಮ ಮನೆಯೊಳಗೇ. ಅವ್ವನಿಗೆ ಎಪ್ಪತ್ತೊಂಬತ್ತು. ಸ್ನಾನ, ಲಿಂಗಪೂಜೆ ಆದಮೇಲೇ ಊಟ. ಮಾಂಸದ ಅಡಿಗೆಯಾಗುವ ಕಡೆ ನೀರನ್ನೂ ಮುಟ್ಟುವವಳಲ್ಲ. ತಮ್ಮನ ಮಗ 2023ರಲ್ಲಿ ಮದುವೆಯಾದದ್ದು ಮಂಡ್ಯದ ಕಡೆಯ, ಮಾಂಸಾಹಾರಿಗಳ ಮನೆಯ ಹುಡುಗಿಯನ್ನು. ಅವರಿಬ್ಬರೂ ಮೆಚ್ಚಿ ಆದ ಮದುವೆ. ಬೀಗರ ಮನೆಗೆ ನಾವು ಹೋದ ದಿನ ಅವರು ಪಾತ್ರೆಗಳನ್ನೇ ಹೊಸದಾಗಿ ಕೊಂಡು, ಬೇರೆ ಅಡಿಗೆಯವರನ್ನು ಕರೆಸಿ ಸಸ್ಯಾಹಾರದ ಅಡಿಗೆ ಮಾಡಿಸಿದ್ದರು. ಅವ್ವ ಹಾಲು ಮತ್ತು ಒಂದು ಬಾಳೆಹಣ್ಣು ತೆಗೆದುಕೊಂಡು, "ಹೊಟ್ಟಿ ಸರಿ ಇಲ್ಲ" ಅಂದಳು. ಯಾರೂ ಮಾತಾಡಲಿಲ್ಲ. ಆ ಹುಡುಗಿಯ ತಾಯಿ ಬಡಿಸಲು ಕೈಯಲ್ಲಿ ಹಿಡಿದಿದ್ದ ಸೌಟನ್ನು ಹಾಗೆಯೇ ಪಾತ್ರೆಯೊಳಗೆ ಇಳಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಅಜ್ಜಿ ಮೊಮ್ಮಗ-ಸೊಸೆಯರ ನಡುವೆ ಒಂದು ಮಾತೂ ಕೆಟ್ಟದ್ದು ಬಂದದ್ದಿಲ್ಲ. ಒಂದು ಪಂಕ್ತಿಯಲ್ಲಿ ಕೂತು ಉಂಡದ್ದೂ ಇಲ್ಲ. ಹೀಗಾಗಿ ಹೋಟೆಲಿನ ಆಯ್ಕೆ ಬರಿಯ ರುಚಿಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಅವ್ವನ ಮೊದಲ ಆಕ್ಷೇಪಣೆ ಮಾಂಸದ್ದೂ ಆಗಿರಲಿಲ್ಲವೆಂಬುದನ್ನು ಹೇಳಬೇಕು. "ಅನ್ನ ಮಾರೋರ ಕಡೆ ಹೋಗಿ ಹಬ್ಬದ ಊಟ ಉಣ್ಣಬೇಕೇನಪಾ?" ಎಂಬುದು ಅವಳ ಪ್ರಶ್ನೆ. ಇದು ಹಳೆಯ ಕಾಲದ ನಂಬಿಕೆ. ಬೆಂದ ಅನ್ನವನ್ನು ಹಣಕ್ಕೆ ಕೊಡುವುದು ಪಾಪವೆಂದು ನಮ್ಮ ಹಿರಿಯರು ತಿಳಿದಿದ್ದರು. ದೂರ ಹೋಗುವವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಬುತ್ತಿ ತೀರಿದರೆ ಛತ್ರವಿತ್ತು, ಮಠವಿತ್ತು, ಗುರುತಿನವರ ಮನೆಯಿತ್ತು. ಅವ್ವ ಮನೆಯ ಹೊರಗೆ ಹೊಟ್ಟೆ ತುಂಬ ಉಂಡಿರುವುದು ಕೊಟ್ಟೂರಿನ ಜಾತ್ರೆಯಲ್ಲಿ, ತುಮಕೂರಿನ ಸಿದ್ಧಗಂಗೆಯ ದಾಸೋಹದಲ್ಲಿ. ಅಲ್ಲಿ ಊಟಕ್ಕೆ ಬೆಲೆಯಿಲ್ಲ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಯಾರೆಂದು ಕೇಳುವ ವಾಡಿಕೆಯೂ ಇಲ್ಲ. ಸಾಲಾಗಿ ಕೂತು ಉಣ್ಣುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಂಪಿಗೆ ಹೋದವರು ಭೋಜನಶಾಲೆಯೆಂದು ಕರೆಯುವ ಜಾಗವನ್ನು ನೋಡಿರುತ್ತೀರಿ. ನಡುವೆ ನೀರು ಹರಿಯುವ ಕಲ್ಲಿನ ಕಾಲುವೆ, ಅದರ ಎರಡೂ ದಡಕ್ಕೆ ಎದುರುಬದುರಾಗಿ ಕಲ್ಲಿನ ತಟ್ಟೆಗಳ ಸಾಲು. ಒಂದೊಂದು ತಟ್ಟೆಯಲ್ಲೂ ಪಲ್ಯಕ್ಕೆ, ಸಾರಿಗೆ ಬೇರೆ ಬೇರೆ ಗುಳಿಗಳನ್ನು ಕೊರೆದಿದ್ದಾರೆ. ಈಗಿನ ಸ್ಟೀಲಿನ ತಟ್ಟೆಗೆ ಇದೇ ಅಜ್ಜನಿರಬೇಕೆಂದು ನಾನು ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ನಗಿಸುತ್ತಿದ್ದೆ.

ಹಣ ಕೊಟ್ಟು ಉಣ್ಣುವ ಹೋಟೆಲು ಮಾತ್ರ ಇತ್ತೀಚಿನದು. ಕನ್ನಡದಲ್ಲಿ ಹೋಟೆಲೆಂದರೆ ಮಲಗುವ ಸ್ಥಳವಲ್ಲ, ತಿನ್ನುವ ಸ್ಥಳ. ಮಲಗುವ ವ್ಯವಸ್ಥೆಯೂ ಇದ್ದರೆ 'ಊಟ ಮತ್ತು ವಸತಿ' ಎಂದು ಫಲಕದ ಮೇಲೆ ಬೇರೆಯಾಗಿ ಬರೆಸುತ್ತಾರೆ. ಈ ಉದ್ಯಮವನ್ನು ನಾಡಿನುದ್ದಕ್ಕೂ ಹರಡಿದವರಲ್ಲಿ ಉಡುಪಿ, ಕುಂದಾಪುರದ ಕಡೆಯವರದು ದೊಡ್ಡ ಪಾಲು. ದಕ್ಷಿಣ ಕನ್ನಡದಲ್ಲಿ 1923ರಲ್ಲಿ ಬಂದ ಮಹಾ ನೆರೆ ಎಷ್ಟೋ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಮಠ ಮಂದಿರಗಳ ಅಡಿಗೆಮನೆಯ ಕೆಲಸವನ್ನು ಬಲ್ಲ ಹುಡುಗರು ಘಟ್ಟ ಹತ್ತಿ ಬಂದು ಪೇಟೆಗಳಲ್ಲಿ ಕಾಫಿ ಕ್ಲಬ್ಬುಗಳನ್ನು ತೆರೆದರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಹುಟ್ಟಿದ್ದು ಅದರ ಮರುವರ್ಷ, 1924ರಲ್ಲಿ. ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸೋದರರು ಅದರ ಸ್ಥಾಪಕರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮನಾಯಕರು ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದದ್ದು 1942ರಲ್ಲಿ; ಮನೆಯಿಂದ ದೂರ ಬಂದು ಗುಮಾಸ್ತೆಗಿರಿ ಮಾಡುತ್ತಿದ್ದ ಕನ್ನಡಿಗ, ತುಳುವ, ತಮಿಳ ಹುಡುಗರಿಗೆ ಬಾಳೆಯ ಎಲೆಯ ಮೇಲೆ ಅನ್ನ ಸಾರು ಬಡಿಸಿ ಊರನ್ನು ನೆನಪಿಸಿದ ಜಾಗಗಳು ಇಂಥವು. ನಮ್ಮ ಉತ್ತರದ ಸೀಮೆಯಲ್ಲಿ ಇದೇ ಕೆಲಸವನ್ನು ಖಾನಾವಳಿಗಳು ಮಾಡಿದವು. ಹುಬ್ಬಳ್ಳಿ, ಗದಗ, ವಿಜಯಪುರದ ಪೇಟೆಗಳಿಗೆ ದಾವೆಗೆಂದೋ ದಲ್ಲಾಳಿಯ ಅಂಗಡಿಗೆಂದೋ ಬಂದ ರೈತನಿಗೆ ಬಿಸಿ ರೊಟ್ಟಿ ಸಿಗುತ್ತಿದ್ದದ್ದು ಅಲ್ಲಿ. ಬಹಳ ಕಡೆ ಒಂದು ಮನೆಯ ಹೆಂಗಸರೇ ಬಡಿದು ಬೇಯಿಸಿ ನಡೆಸುತ್ತಿದ್ದ ಜಾಗ.

ಹಾಗೆಂದು ಆ ಹೋಟೆಲುಗಳೆಲ್ಲ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದವೆಂದು ತಿಳಿಯಬಾರದು. 'ಬ್ರಾಹ್ಮಣರ ಫಲಾಹಾರ ಮಂದಿರ' ಎಂಬ ಫಲಕಗಳಿದ್ದವು. ಒಳಗೆ ಬೇರೆ ಕೋಣೆಗಳಿದ್ದವು. ಮದರಾಸಿನಲ್ಲಿ ಪೆರಿಯಾರರ ಅನುಯಾಯಿಗಳು ಒಂದು ಹೋಟೆಲಿನ ಫಲಕದಲ್ಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ಅಳಿಸಬೇಕೆಂದು ಚಳವಳಿ ಹೂಡಿದ್ದು 1957ರಷ್ಟು ಈಚೆಗೆ. ನಮ್ಮ ಕಡೆಯ ಹಳ್ಳಿಗಳ ಚಹಾದಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು, ಅವರು ಅದನ್ನು ತಾವೇ ತೊಳೆದು ತಂತಿಗೆ ಸಿಕ್ಕಿಸಿ ಹೋಗುತ್ತಿದ್ದುದನ್ನು ಹುಡುಗನಾಗಿದ್ದಾಗ ನಾನು ಕಣ್ಣಾರೆ ಕಂಡಿದ್ದೇನೆ. ಸಂಡೂರಿನ ಅರಸರು 1932ರಷ್ಟು ಹಿಂದೆಯೇ ಕುಮಾರಸ್ವಾಮಿಯ ಗುಡಿಯನ್ನು ಹರಿಜನರಿಗೆ ತೆರೆಸಿದ್ದರು; ಗುಡಿಯ ಬಾಗಿಲು ತೆರೆದ ಮೇಲೂ ಚಹಾದ ಲೋಟ ತೆರೆಯಲು ತಡವಾಯಿತು! ನಮ್ಮ ಸಂವಿಧಾನವನ್ನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದರ 15ನೆಯ ವಿಧಿ ಬಾವಿ, ಕೆರೆ, ರಸ್ತೆಗಳ ಜೊತೆಗೆ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನೂ ಹೆಸರಿಸಿ, ಜಾತಿಯ ಕಾರಣದಿಂದ ಅಲ್ಲಿಗೆ ಯಾರನ್ನೂ ಬಿಡದಿರಕೂಡದೆಂದು ಹೇಳುತ್ತದೆ. ದೇಶದ ಮೂಲಭೂತ ಕಾನೂನಿನಲ್ಲಿ ಇಡ್ಲಿ ದೋಸೆಯ ಅಂಗಡಿಗೂ ಒಂದು ಸ್ಥಾನವಿದೆಯೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಕಾನೂನು ಬಾಗಿಲನ್ನಷ್ಟೆ ತೆರೆಯಬಲ್ಲದು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣಲಾರದ ಇಬ್ಬರು ಒಟ್ಟಿಗೆ ಕೂರಬೇಕಾದರೆ ಒಂದು ಮೂರನೆಯ ಮನೆ ಬೇಕಾಗುತ್ತದೆ. ಅಲ್ಲಿ ಇವರು ಅತಿಥಿಯೂ ಅಲ್ಲ, ಅವರು ಯಜಮಾನರೂ ಅಲ್ಲ; ಬಡಿಸುವವನಿಗೆ ಇಬ್ಬರೂ ಗಿರಾಕಿಗಳೇ. ಬೇಡವೆಂದರೆ ಯಾರ ಮನಸ್ಸೂ ನೋಯುವುದಿಲ್ಲ, ಬೇಕೆಂದರೆ ಯಾರ ಋಣವೂ ಬೀಳುವುದಿಲ್ಲ. ಹೋಟೆಲು ನಮ್ಮ ಸಮಾಜಕ್ಕೆ ಮಾಡಿದ ದೊಡ್ಡ ಉಪಕಾರ ಇದೇ ಎಂದು ನನಗೆ ತೋರುತ್ತದೆ; ದೋಸೆಯ ರುಚಿಯ ಮಾತು ಆಮೇಲಿನದು.

ಇದನ್ನು ಈಗ ಸಲೀಸಾಗಿ ಹೇಳುತ್ತಿದ್ದೇನೆ. ಆ ದಿನ ನನಗೆ ಹೊಳೆದಿರಲಿಲ್ಲ. ನಾನು ಮೊದಲು ಸೂಚಿಸಿದ ಹೆಸರು ಗಾಂಧಿಬಜಾರಿನ ವಿದ್ಯಾರ್ಥಿ ಭವನ. ಕಾರಣ ಕೇಳಿದರೆ ನಗುತ್ತೀರಿ. 1943ರಿಂದ ನಡೆದುಬಂದಿರುವ ಆ ಹೋಟೆಲಿನ ಗೋಡೆಗಳ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳಿವೆ. ಅವುಗಳ ಕೆಳಗೆ ಕೂತು ಕುಟುಂಬದೊಡನೆ ಹಬ್ಬ ಮಾಡಿದೆನೆಂದು ಊರಿಗೆ ಹೋಗಿ ಹೇಳಿಕೊಳ್ಳುವ ಆಸೆ. ತಮ್ಮನ ಮಗ ಮೆತ್ತಗೆ, "ದೊಡ್ಡಪ್ಪ, ಅದು ತಿಂಡಿಯ ಹೋಟೆಲು, ಊಟದ್ದಲ್ಲ. ಅಲ್ಲದೆ ಅಮಾವಾಸ್ಯೆ ಶುಕ್ರವಾರ. ಶುಕ್ರವಾರ ಅವರಿಗೆ ವಾರದ ರಜೆ" ಎಂದ. ಎರಡು ತಪ್ಪನ್ನು ಒಂದೇ ಉಸಿರಿನಲ್ಲಿ ತೋರಿಸಿಕೊಟ್ಟ. ದೊಡ್ಡ ನಗರಕ್ಕೆ ಹೊಸಬರಾಗಿ ಬರುವವರು ಈ ಎರಡನ್ನೂ ಗಮನದಲ್ಲಿಡಬೇಕು. ತಿಂಡಿಯ ಹೋಟೆಲಿನ ಜೀವ ಇರುವುದು ವೇಗದಲ್ಲಿ: ಕೂತವನು ಕಾಲು ಗಂಟೆಯಲ್ಲಿ ಎದ್ದರೆ ಅದರ ಲೆಕ್ಕ ಸರಿಹೋಗುತ್ತದೆ. ಊಟದ ಹೋಟೆಲಿಗೆ ನಿಗದಿಯಾದ ವೇಳೆಯಿದೆ. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ಮೂರಕ್ಕೆ ಮುಗಿಯುತ್ತದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬೀದಿಬೀದಿಗೂ ಹರಡಿದ ದರ್ಶಿನಿಗಳಲ್ಲಂತೂ ನಿಂತೇ ತಿನ್ನಬೇಕು. ಅಗ್ಗ, ಶುಚಿ, ಬಿಸಿ ಎಲ್ಲವೂ ಹೌದು, ಮೊಣಕಾಲು ನೋವಿನವರಿಗೆ ಮಾತ್ರ ಅಲ್ಲ.

ತಮ್ಮನ ಹೆಂಡತಿ ಮಾವಳ್ಳಿಯ ಹೆಸರು ಹೇಳಿದಳು. ಆ ಹೋಟೆಲಿನ ಮೇಲೆ ನನಗೆ ಗೌರವವಿದೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿಬಂದು ಅಲ್ಲಿಯ ಶುಚಿತ್ವವನ್ನು ಇಲ್ಲಿ ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಿಂದ ನೋಡಬಹುದೆಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ಅಭಾವ ಬಂದಾಗ, ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಅವರು ಹೇಳುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ತೀರ ಕಡಿಮೆ ದರ ಗೊತ್ತುಮಾಡಿದಾಗ, ಗುಣವನ್ನು ಇಳಿಸಲೊಪ್ಪದೆ ಹೋಟೆಲನ್ನೇ ಮುಚ್ಚಿ, ದಿನಸಿ ಮತ್ತು ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ತಿರುಗಿದರು. ಆದರೆ ಹೆಸರುವಾಸಿ ಹೋಟೆಲೆಂದರೆ ರಜೆಯ ದಿನ ಸಾಲು. ಒಂಬತ್ತು ಜನಕ್ಕೆ ಒಟ್ಟಿಗೆ ಜಾಗ ಸಿಗಬೇಕಾದರೆ ಕಾಯಬೇಕು, ಅವ್ವ ಕಾಯಲಾರಳು. ಅದನ್ನೂ ಬಿಟ್ಟೆವು.

ಹುಡುಗರ ಆಯ್ಕೆ ವರ್ತುಲ ರಸ್ತೆಯ ಪಕ್ಕದ ಒಂದು ಹೊಸ ಹೋಟೆಲು. ಅಲ್ಲಿ ತಲೆಗೆ ಇಷ್ಟೆಂದು ಕೊಟ್ಟರಾಯಿತು, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಒಂದು ಕಡೆ ಸಸ್ಯಾಹಾರ, ಇನ್ನೊಂದು ಕಡೆ ಮಾಂಸಾಹಾರ. ಸೊಸೆಗೂ ಅನುಕೂಲ, ಅತ್ತೆಗೂ ಅನುಕೂಲವೆಂಬ ವಾದ. ಹಿಂದಿನ ದಿನ ನಾನೂ ತಮ್ಮನೂ ಹೋಗಿ ನೋಡಿಬಂದೆವು. ಕೇಳುಗರಿಗೆ ನಾನು ಧೈರ್ಯವಾಗಿ ಕೊಡಬಹುದಾದ ಸಲಹೆ ಇದೊಂದು: ಹಿರಿಯರನ್ನು ಕರೆದೊಯ್ಯುವ ಮೊದಲು, ಊಟದ ವೇಳೆಯಲ್ಲೇ, ಒಮ್ಮೆ ಹೋಗಿ ನಿಂತು ನೋಡಿ. ಫೋಟೋದಲ್ಲಿ ಕಾಣದ್ದು ಆಗ ಕಾಣುತ್ತದೆ. ಅಲ್ಲಿ ಮೆಟ್ಟಿಲು ಹದಿನೆಂಟಿದ್ದವು. ಬೆಳಕು ಎಷ್ಟು ಮಬ್ಬೆಂದರೆ ತಟ್ಟೆಯಲ್ಲಿರುವುದು ಬದನೆಕಾಯಿಯೋ ಮತ್ತೊಂದೋ ತಿಳಿಯುವಂತಿರಲಿಲ್ಲ; ಅವ್ವನಂಥವರಿಗೆ ಆ ಸಂಶಯವೇ ಸಾಕು. ಸಂಗೀತದ ಅಬ್ಬರದಲ್ಲಿ ಪಕ್ಕದವರ ಮಾತು ಕೇಳಿಸದು. ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತವನು, ಹಬ್ಬದ ದಿನ ಒಂದು ಮೇಜಿಗೆ ಒಂದೂವರೆ ಗಂಟೆ ಮಾತ್ರವೆಂದ. ಬಿಲ್ಲಿನಲ್ಲಿ ತೆರಿಗೆಯ ಮೇಲೆ ಸೇವಾಶುಲ್ಕ ಬೇರೆ. ಸಾಮಾನ್ಯ ಹೋಟೆಲಿನ ಊಟಕ್ಕೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ ಐದು, ಅದನ್ನು ಕೊಡಲೇಬೇಕು. ಸೇವಾಶುಲ್ಕ ಹಾಗಲ್ಲ. ಅದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಸೂಚನೆ ಹೊರಡಿಸಿತು. 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬಡಿಸಿದವನಿಗೆ ಸಂತೋಷದಿಂದ ಏನಾದರೂ ಕೊಡುವುದು ಬೇರೆ ಮಾತು. ಆ ವಿಷಯದಲ್ಲಿ ಜಿಪುಣತನ ಬೇಡ. ಹಬ್ಬದ ದಿನ ಅವನೂ ಮನೆ ಬಿಟ್ಟು ಬಂದವನು.

ಹೀಗೆ ಮಾಣಿಗಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ದೀಪಾವಳಿಗೆ ಎಷ್ಟೋ ಹೋಟೆಲುಗಳ ಅಡಿಗೆಯವರು ಊರಿಗೆ ಹೋಗಿಬಿಡುತ್ತಾರೆ. ಬಾಗಿಲು ತೆರೆದಿದ್ದರೂ ಒಳಗೆ ಅರ್ಧ ಜನ. ದರಪಟ್ಟಿಯಲ್ಲಿದ್ದದ್ದು ಕೇಳಿದರೆ 'ಇವತ್ತಿಲ್ಲ'. ಅಮಾವಾಸ್ಯೆಯ ಸಂಜೆ ಲಕ್ಷ್ಮೀಪೂಜೆಯೆಂದು ಬೇಗ ಮುಚ್ಚುವವರೂ ಉಂಟು. ಆದ್ದರಿಂದ ರಾತ್ರಿಯ ಊಟದ ಯೋಚನೆಯನ್ನು ಬಿಟ್ಟು ಮಧ್ಯಾಹ್ನವನ್ನೇ ಗೊತ್ತುಮಾಡುವುದು ಕ್ಷೇಮ. ಮೊದಲ ಪಂಕ್ತಿಗೇ ಹೋದರೆ ಇನ್ನೂ ಲೇಸು.

ಹೊಸ ಹೋಟೆಲಿನ ವರದಿಯನ್ನು ಮನೆಯಲ್ಲಿ ಒಪ್ಪಿಸಿದಾಗ ಯಾರೂ ಮಾತಾಡಲಿಲ್ಲ. ಅಷ್ಟರವರೆಗೆ ಬಾಯಿ ತೆರೆಯದಿದ್ದ ಸೊಸೆಯನ್ನು, ನಿನಗೇನು ಬೇಕಮ್ಮಾ ಎಂದು ನಾನು ಕೇಳಿದೆ. ಕೇಳಿದ ಮೇಲೆ ನನಗೆ ನಾಚಿಕೆಯಾಯಿತು, ಮೊದಲೇ ಕೇಳಬೇಕಾಗಿತ್ತು. "ಎರಡು ಕಡೆ ಬಡಿಸೋ ಹೋಟ್ಲು ಬೇಡ ದೊಡ್ಡಮಾವ. ಒಂದೇ ಹೋಟ್ಲಲ್ಲಿ ಕೂತ್ರೂ ನಾನು ಬೇರೆ ಕಡೆ ತಟ್ಟೆ ತಗೊಂಡು ಹೋಗ್ಬೇಕಾಗುತ್ತೆ. ಎಲ್ಲರೂ ಒಂದೇ ತಿನ್ನೋ ಕಡೆ ಹೋಗೋಣ. ಅಜ್ಜಿ ಏನು ತಿಂತಾರೋ ಅದೇ ಆಗ್ಲಿ" ಅಂದಳು. ನಾವು ಯಾರಿಗೆ ಅನುಕೂಲವೆಂದು ಆ ಹೋಟೆಲನ್ನು ಹುಡುಕಿದ್ದೆವೋ ಅವಳಿಗೇ ಅದು ಬೇಡವಾಗಿತ್ತು.

ಅಲ್ಲಿಗೆ ಪ್ರಶ್ನೆ ಸರಳವಾಯಿತು. ಅವ್ವ ತಿನ್ನುವುದು ಜೋಳದ ರೊಟ್ಟಿ. ಬೆಂಗಳೂರಿನಲ್ಲಿ ಈಗ ಉತ್ತರ ಕರ್ನಾಟಕದ ಖಾನಾವಳಿಗಳಿಗೆ ಬರವಿಲ್ಲ. ನಮ್ಮ ಕಡೆಯಿಂದ ನೌಕರಿಗೆ ಬಂದವರು ಹೆಚ್ಚಿದಂತೆ ಅವೂ ಹೆಚ್ಚಿವೆ. ಆದರೆ ರೊಟ್ಟಿಯ ಹೋಟೆಲನ್ನು ಆರಿಸುವುದಕ್ಕೂ ಒಂದು ವಿವೇಕ ಬೇಕು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿಯುತ್ತದೆ. ಕೈಯಿಂದ ಬಡಿದು ಅಗಲಿಸಿ, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಬಿಸಿಯಿರುವಾಗ ಹತ್ತಿಯಂತಿರುವ ಆ ರೊಟ್ಟಿ ಆರಿದೊಡನೆ ಬಿರುಸಾಗುತ್ತದೆ. ಕಟ್ಟಿಸಿದ ಹಲ್ಲಿನವರಿಗೆ ಐದು ನಿಮಿಷದ ಅಂತರವೇ ದೊಡ್ಡದು. ಆದ್ದರಿಂದ ಬಣ್ಣಬಣ್ಣದ ದರಪಟ್ಟಿಯಲ್ಲಿ ರೊಟ್ಟಿಯೂ ಒಂದು ಸಾಲಾಗಿರುವ ಹೋಟೆಲಿಗಿಂತ, ರೊಟ್ಟಿಯಲ್ಲದೆ ಬೇರೇನನ್ನೂ ಮಾಡದ, ಹಂಚು ಆರದಂತೆ ಜನ ಬರುವ ಸಣ್ಣ ಖಾನಾವಳಿ ಮೇಲು. ಅದರ ಅಡಿಗೆಮನೆ ಕಾಣುವಂತಿರಬೇಕು, ಕುರ್ಚಿಗೆ ಬೆನ್ನಿರಬೇಕು, ಕೈತೊಳೆಯುವ ಜಾಗ ಹತ್ತಿರವಿರಬೇಕು. ಇಷ್ಟೆ. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ, ಗದಗಿನ ಕಡೆಯ ಗಂಡ ಹೆಂಡತಿ ನಡೆಸುವ ಅಂಥದೊಂದು ಜಾಗವನ್ನು ತಮ್ಮ ಹುಡುಕಿದ. ಹನ್ನೆರಡಕ್ಕೆ ಒಂಬತ್ತು ಜನ ಬರುತ್ತೇವೆಂದೂ, ಒಬ್ಬರು ವಯಸ್ಸಾದವರೆಂದೂ ಹೇಳಿದಾಗ, ಆ ಹೆಣ್ಣುಮಗಳು, "ಅಮ್ಮನ್ನ ಒಲಿ ಕಡೆ ಬಾಗಲಕ್ಕ ಕೂಡಸ್ರಿ, ಬಿಸಿವು ಮೊದಲ ಅವರಿಗೆ ಬರ್ತಾವು" ಅಂದಳಂತೆ. ಯಾವ ಜಾಹೀರಾತಿನಲ್ಲೂ ಸಿಗದ ಶಿಫಾರಸು ಇದು.

ಅಮಾವಾಸ್ಯೆಯ ದಿನ ಬೀದಿಬೀದಿಯಲ್ಲೂ ಕನ್ನಡದ ಬಾವುಟ. ಅವ್ವ ಮನೆಯಲ್ಲೇ ಪೂಜೆ ಮುಗಿಸಿಕೊಂಡು, ಹಣೆಯ ವಿಭೂತಿ ಆರುವ ಮೊದಲೇ ಆಟೋ ಹತ್ತಿದಳು. ಖಾನಾವಳಿಗೆ ಬಂದವಳು ಕೂಡಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಕಣ್ಣಿಗಿಂತ ಕಿವಿಯಿಂದಲೇ ಅವಳು ಪರೀಕ್ಷೆ ಮಾಡುತ್ತಿದ್ದಳೆಂದು ನನಗೆ ಗೊತ್ತು. ಬಡಿಯುವ ಸಪ್ಪಳ ಒಂದೇ ಸಮ ಇರಬೇಕೆಂಬುದು ಅವಳ ಸಿದ್ಧಾಂತ. "ಕೈ ಚಲೋ ಐತಿ" ಎಂದು ಬಂದು ಕೂತಳು. ಅನ್ನ ಮಾರುವವರ ಪ್ರಶ್ನೆ ಅಲ್ಲಿಗೆ ಮುಗಿಯಿತು; ಮತ್ತೆ ಎತ್ತಲಿಲ್ಲ.

ಒಲೆಯ ಕಡೆಯ ಬಾಗಿಲಿಗೆ ಅವ್ವ, ಅವಳ ಪಕ್ಕಕ್ಕೆ, ಬೇರೆ ಕುರ್ಚಿ ಉಳಿಯದೆ ಹೋದದ್ದರಿಂದ, ಸೊಸೆ. ಇದು ಯಾರೂ ಮಾಡಿದ ಏರ್ಪಾಡಲ್ಲ. ನನ್ನ ಮೊಮ್ಮಗ ಕಿಟಕಿಯ ಪಕ್ಕವೇ ಬೇಕೆಂದು ಅತ್ತು ಎಲ್ಲರನ್ನೂ ಆಚೀಚೆ ಎಬ್ಬಿಸಿದ್ದ. ತಟ್ಟೆ ಬಂತು. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳಿನ ಚಟ್ನಿ, ಹಸಿ ಮೂಲಂಗಿ, ಮೆಂತ್ಯದ ಎಲೆ, ಗಟ್ಟಿ ಮೊಸರು. ಮುದ್ದೆ ತಿಂದು ಬೆಳೆದ ಹುಡುಗಿಗೆ ಬಿಸಿ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯುವುದು ತಿಳಿಯಲಿಲ್ಲ. ಬೆರಳು ಸುಟ್ಟುಕೊಂಡು ಊದಿಕೊಂಡಳು. ಅವ್ವ ಒಮ್ಮೆ ನೋಡಿದಳು, ಎರಡನೆಯ ಸಲ ನೋಡಿದಳು. ಆಮೇಲೆ ತನ್ನ ತಟ್ಟೆಯ ರೊಟ್ಟಿಯನ್ನು ಮುರಿದು, ಅದರ ಮೇಲೆ ಬೆಣ್ಣೆ ಸವರಿ, ಅರ್ಧವನ್ನು ಅವಳ ತಟ್ಟೆಗಿಟ್ಟು, "ಹಿಂಗ ಮುರಿಬೇಕವ್ವ. ನೀವು ಮುದ್ದಿ ನುಂಗೋರು, ನಿಮಗ ಹೆಂಗ ತಿಳೀಬೇಕು" ಎಂದಳು. ನನ್ನ ತಮ್ಮ ತಲೆ ತಗ್ಗಿಸಿ ಮೊಸರು ಕಲೆಸುತ್ತ ಕೂತ. ಯಾರೂ ಏನೂ ಆಗಿಲ್ಲವೆಂಬಂತೆ ಉಂಡೆವು. ಶೇಂಗಾ ಹೋಳಿಗೆ ಬಂದಾಗ ಅವ್ವ ಬೇಡವೆಂದಳು. ಆ ವರ್ಷ ಅವಳು ಸಿಹಿ ಬಿಟ್ಟಿದ್ದಳು. ಯಾರೂ ಒತ್ತಾಯ ಮಾಡಲಿಲ್ಲ. ಒಂಬತ್ತು ಜನ ಉಂಡ ಖರ್ಚು ಆ ಹೊಸ ಹೋಟೆಲಿನಲ್ಲಿ ಇಬ್ಬರಿಗೆ ತಗಲುತ್ತಿದ್ದಷ್ಟೂ ಆಗಲಿಲ್ಲ.

ಹಿಂದಿರುಗುವಾಗ ಆಟೋದಲ್ಲಿ ಅವ್ವ ಸೊಸೆಯನ್ನು ಕೇಳಿದಳು: "ನಿಮ್ಮ ಕಡೆ ದೀಪಾವಳಿಗೆ ಏನ್ ಮಾಡ್ತಾರವ್ವ?"

"ಕಜ್ಜಾಯ ಮಾಡ್ತಾರೆ ಅಜ್ಜಿ. ನಮ್ಮಮ್ಮ ಚೆನ್ನಾಗಿ ಮಾಡ್ತಾರೆ."

"ಅಕ್ಕಿಹಿಟ್ಟು, ಬೆಲ್ಲದ ಪಾಕ?"

"ಹೂಂ. ಮೇಲೆ ಗಸಗಸೆ."

"ಅದು ನಮ್ಮ 'ಅತ್ರಾಸ'ನ ಆತಲ್ಲ" ಎಂದು ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಬ್ಬವಿಲ್ಲದ ಮನೆಗೆ ಬೀಗರು ಸಿಹಿ ಕಳಿಸುವುದು ನಮ್ಮಲ್ಲೂ ಇರುವ ವಾಡಿಕೆ, ಅವರಲ್ಲೂ ಇರುವ ವಾಡಿಕೆ. ಕಳಿಸಿದರೆ ಮುಟ್ಟುತ್ತಾರೋ ಇಲ್ಲವೋ ಎಂದು ಅವರು ಕಳಿಸಿರಲಿಲ್ಲ. ಮನೆಯ ತಿರುವು ಬಂದಾಗ ಅವ್ವ ಹೇಳಿದಳು: "ನಿಮ್ಮವ್ವಗ ಒಂದು ಫೋನ್ ಹಚ್ಚು. ಹುಡುಗರಿಗೆ ನಾಕು ಕಳಸು ಅನ್ನು. ನನಗೂ ಒಂದು ಇಡ್ರಿ, ವರ್ಷ ತುಂಬಿದ ಮ್ಯಾಲೆ ತಿಂತೀನಿ."

ಕಜ್ಜಾಯ ಅಷ್ಟು ದಿನ ಇರುವುದಿಲ್ಲವೆಂದು ಸೊಸೆ ಹೇಳಹೊರಟಳು. ನನ್ನ ಹೆಂಡತಿ ಅವಳ ಮೊಣಕೈ ಮುಟ್ಟಿ ಸುಮ್ಮನಿರಿಸಿದಳು. ಭಾನುವಾರ ಬೆಳಗ್ಗೆ ಮಂಡ್ಯದಿಂದ ಅವಳ ಅಣ್ಣನೇ ಡಬ್ಬಿ ಹಿಡಿದುಕೊಂಡು ಬಂದ. ಅವ್ವ ಅವನನ್ನು ಕೂರಿಸಿ, ಊಟ ಮಾಡಿಕೊಂಡೇ ಹೋಗಬೇಕೆಂದು, ಸೆರಗು ಸಿಕ್ಕಿಸಿ ತಾನೇ ಹಿಟ್ಟಿಗೆ ಎಸರಿಟ್ಟಳು.